ಕರೆಯಬಾರದ ಕಾಗೆ

ಅಮ್ಮನಿಗೆ ಲೋಕದಲ್ಲಿ ಗೊತ್ತಿದ್ದದ್ದು ಎರಡೇ ಹಕ್ಕಿ. ಒಂದು ಗರುಡ, ಇನ್ನೊಂದು ಕಾಗೆ. ಗರುಡ ದೇವರಿಗೆ ಸಂಬಂಧಪಟ್ಟದ್ದು, ಕಂಡರೆ ಕೈ ಮುಗಿಯಬೇಕು. ಕಾಗೆ ತೀರಿಹೋದವರಿಗೆ ಸಂಬಂಧಪಟ್ಟದ್ದು, ಬಂದರೆ ಬಡಿಸಬೇಕು. ನಮ್ಮ ಗೋರೆಗಾಂವ್ ಬಿಲ್ಡಿಂಗಿನ ಕಿಟಕಿಗಳಿಗೆ ಬೆಳಗಾದರೆ ಮುತ್ತಿಗೆ ಹಾಕುವ ಪಾರಿವಾಳಗಳನ್ನು ಅವಳು ಹಕ್ಕಿಯ ಲೆಕ್ಕಕ್ಕೇ ಹಿಡಿದವಳಲ್ಲ. ಅವು ಇಲಿ, ಜಿರಲೆಗಳ ಸಾಲಿನವು. ಹೀಗಿರುವಾಗ ಅಪ್ಪ ರಿಟೈರ್ ಆದ ಮೇಲೆ ಹಕ್ಕಿ ನೋಡುವ ಹುಚ್ಚು ಹಿಡಿಸಿಕೊಂಡದ್ದು ಅವಳಿಗೆ ಅರ್ಥವೇ ಆಗಲಿಲ್ಲ.

"ಇಷ್ಟು ವರ್ಷ ಹೋಟೆಲಿನಲ್ಲಿ ಜನ ತಿನ್ನುವುದು ನೋಡಿ ಸಾಕಾಗ್ಲಿಲ್ವಾ ನಿಮಗೆ? ಈಗ ಕೊಕ್ಕರೆ ತಿನ್ನುವುದು ನೋಡ್ಲಿಕ್ಕೆ ಬಸ್ಸು ಹತ್ತಿ ಹೋಗ್ಬೇಕಾ?" ಎಂದು ಕೇಳುತ್ತಿದ್ದಳು. ಅಪ್ಪ ನಗುತ್ತಾ ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಕೊಡೆ ಹಿಡಿದು ಹೊರಟುಬಿಡುತ್ತಿದ್ದರು.

ಅಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿಗೆ ಮೀಸೆ ಮೂಡುವ ಮೊದಲೇ ಸೇರಿದವರು. ಕ್ಲೀನರ್ ಆಗಿ ಟೇಬಲ್ ಒರೆಸಿ, ಸಪ್ಲೈಯರ್ ಆಗಿ ಓಡಾಡಿ, ಕೊನೆಗೆ ಗಲ್ಲಾದಲ್ಲಿ ಕೂತರು. ವರ್ಷಗಟ್ಟಲೆ ನಿಂತು ನಿಂತು ಎಡ ಮಂಡಿ ಸವೆದು, ಆ ಕಾಲನ್ನು ತುಸು ಎಳೆದುಕೊಂಡೇ ನಡೆಯುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಡಾಕ್ಟರು ದಿನಾ ನಡೆಯಿರಿ ಎಂದರು. ಗೋರೆಗಾಂವಿನ ಫುಟ್‌ಪಾತಿನಲ್ಲಿ ನಡೆಯುವುದೆಂದರೆ ಬೈಕುಗಳಿಗೆ ದಾರಿ ಬಿಡುತ್ತಾ ಅಲ್ಲಲ್ಲಿ ನಿಲ್ಲುವುದು. ಹೋಟೆಲಿನ ಹಳೆಯ ಗಿರಾಕಿಯೊಬ್ಬರು ಅವರನ್ನು ಒಂದು ದಿನ ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಆಚೆಗೆ ಕರೆದುಕೊಂಡು ಹೋದರು. ಹೈವೇ ದಾಟಿದರೆ ಉದ್ದನೆಯ ಮಣ್ಣಿನ ಏರಿ, ಏರಿಯ ಒಂದು ಬದಿ ನೀರಿನ ಹೊಂಡಗಳು, ಇನ್ನೊಂದು ಬದಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಅದರಾಚೆ ಸಮುದ್ರ ಒಳನುಗ್ಗಿದ ಥಾಣೆಯ ಖಾಡಿ. ಅಪ್ಪ ಸಂಜೆ ಮನೆಗೆ ಬಂದವರು, ಚಪ್ಪಲಿ ಬಿಡುವ ಮೊದಲೇ, "ಮಾರಾಯ್ತಿ, ಅಲ್ಲಿ ಖಾಡಿ ಇಡೀ ಗುಲಾಬಿ ಬಣ್ಣ!" ಎಂದರು. ಆ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ.

ಹಕ್ಕಿಗಳ ಹೆಸರು ಅವರಿಗೆ ಬೇಕಿರಲಿಲ್ಲ. ತಮ್ಮದೇ ಹೋಟೆಲಿನ ಡ್ಯೂಟಿ ಹಂಚಿಬಿಟ್ಟಿದ್ದರು. ತೆಳ್ಳಗಿನ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಸಪ್ಲೈಯರುಗಳು. ಒಂದೇ ಕಾಲಿನಲ್ಲಿ ನಿಂತು ಯಾರು ಏನು ಮಾಡುತ್ತಿದ್ದಾರೆಂದು ನೋಡುವ ಬೂದು ಕೊಕ್ಕರೆ ಸೂಪರ್‌ವೈಸರ್. ಖಾಡಿಯನ್ನು ಗುಲಾಬಿ ಮಾಡುವ ಫ್ಲೆಮಿಂಗೊಗಳು ಕ್ಲೀನರುಗಳು, ಏಕೆಂದರೆ ತಗ್ಗಿಸಿದ ತಲೆಯನ್ನು ಶಿಫ್ಟ್ ಮುಗಿಯುವವರೆಗೂ ಎತ್ತುವುದಿಲ್ಲ. ಒಮ್ಮೆ ಕಾಂಡ್ಲಾ ಗಿಡಗಳ ಬುಡದಿಂದ ಒಂದು ನರಿ ಹೊರಗೆ ಬಂದು, ಏರಿಯ ಮೇಲೆ ನಿಂತು ಅವರನ್ನೇ ನೋಡಿ ವಾಪಸ್ಸು ಹೋಯಿತಂತೆ. ಅದು ಫುಡ್ ಇನ್ಸ್‌ಪೆಕ್ಟರ್. ಭಾನುವಾರ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನಾನು ಮದುವೆಯಾಗದೆ ಅವರ ಜೊತೆಗೇ ಉಳಿದ ಮಗಳು. ವಾರವಿಡೀ ದಾದರಿನ ಆಫೀಸು, ಲೋಕಲ್ಲಿನ ನೂಕುನುಗ್ಗಲು ಮುಗಿಸಿ ಭಾನುವಾರವೂ ಎದ್ದು ಹೊರಡಬೇಕೆಂದರೆ ಸಿಡಿಮಿಡಿ ಎನ್ನುತ್ತಿದ್ದೆ. ನನಗೆ ಕೋಪ ಬೇಗ. ಅದು ಅಪ್ಪನಿಂದ ಬಂದದ್ದಲ್ಲ, ಅಮ್ಮನ ಕಡೆಯದು.

ಅವರಿಗೆ ಎಲ್ಲಕ್ಕಿಂತ ಇಷ್ಟ ಟಿಟ್ಟಿಭಗಳು. ಕಣ್ಣಿನ ಮುಂದೆ ಕೆಂಪು ತೊಗಲಿನ ಚೂರು, ಹಳದಿ ಕಾಲು, ನೆಲದ ಮೇಲೇ ಓಡಾಡುವ ಹಕ್ಕಿ. ಮರಾಠಿಯವರು ಟಿಟವಿ ಅನ್ನುತ್ತಾರೆ. ಯಾರಾದರೂ ಹತ್ತಿರ ಬಂದರೆ, ಬಿಲ್ಲು ಕೊಡದೆ ಓಡುವವನನ್ನು ಕಂಡ ಹಾಗೆ ಕಿರುಚುತ್ತವೆ. ಒಂದು ಜೋಡಿ ಪ್ರತಿ ವಸಂತಕ್ಕೆ ಏರಿಯ ಕೆಳಗಿನ ಜಲ್ಲಿಕಲ್ಲಿನ ಜಾಗದಲ್ಲಿ ಮೊಟ್ಟೆಯಿಡುತ್ತಿತ್ತು. ಗೂಡು ಎನ್ನುವುದೇನೂ ಇಲ್ಲ, ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ. ಪ್ರತಿ ವರ್ಷವೂ ಏನಾದರೊಂದು ಆಗುತ್ತಿತ್ತು. ಒಮ್ಮೆ ನಾಯಿ ತಿಂದಿತು, ಒಮ್ಮೆ ಮಣ್ಣು ತಂದ ಡಂಪರ್ ಹತ್ತಿತು. ಅಪ್ಪ ಅಲ್ಲೇ ಒಂದು ಚಪ್ಪಟೆ ಕಲ್ಲಿನ ಮೇಲೆ ಕೊಡೆ ಬಿಡಿಸಿ, ಗಲ್ಲಾದಲ್ಲಿ ಕೂತ ಹಾಗೆಯೇ ಕೂತು ನಾಯಿಗಳನ್ನು ಓಡಿಸುತ್ತಿದ್ದರು. ಆದರೂ ಒಂದು ಮರಿ ಹೊರಗೆ ಬಂದದ್ದನ್ನು ಅವರು ಕಂಡಿರಲಿಲ್ಲ. ಬಿಸಿಲು ಏರಿದಾಗ ತಾಯಿ ಹಕ್ಕಿ ನೀರಿಗೆ ಹೋಗಿ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ ಎಂದು ಅಮ್ಮನಿಗೆ ಹೇಳಿದ್ದರು. "ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಹಾಕ್ತೇವಲ್ಲ, ಹಾಗೆ." ಅಮ್ಮ ಆ ಒಂದು ಮಾತನ್ನು ಮಾತ್ರ ನಗಾಡದೆ ಕೇಳಿದ್ದಳು.

ಅಲ್ಲಿ ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಹೋಟೆಲಿನಲ್ಲಿ ಬೆಳಿಗ್ಗೆ ಒಲೆ ಹಚ್ಚಿ ಮೊದಲು ಇಳಿಸಿದ ಇಡ್ಲಿಯನ್ನು ಹಿತ್ತಲ ಕಟ್ಟೆಯ ಮೇಲೆ ಕಾಗೆಗೆ ಇಟ್ಟೇ ಗಿರಾಕಿಗೆ ಬಡಿಸುತ್ತಿದ್ದವರು ಅವರು. ಬಾಗಿಲಿಗೆ ಬಂದವರನ್ನು ಹಸಿದು ಕಳಿಸಿದ್ದಿಲ್ಲ. ಅಂಥವರು ಏರಿಯ ಮೇಲೆ ಒಂದು ತುತ್ತು ಚೆಲ್ಲಲೂ ಬಿಡುತ್ತಿರಲಿಲ್ಲ. ಹಸಿವಾದರೆ ಗೇಟಿನ ಹೊರಗೆ ಹೋಗಿ ಡಬ್ಬಿ ಬಿಚ್ಚಬೇಕು. ಅನ್ನ ಬಿದ್ದಲ್ಲಿ ನಾಯಿ ಬರುತ್ತದೆ, ಕಾಗೆ ಬರುತ್ತದೆ, ಬಂದವು ಮೊಟ್ಟೆ ಹುಡುಕುತ್ತವೆ. "ಇದು ನಮ್ಮ ಹೋಟೆಲಲ್ಲ, ಇಲ್ಲಿ ನಾವು ಗಿರಾಕಿ. ಗಿರಾಕಿ ಬಡಿಸ್ಲಿಕ್ಕೆ ಹೋಗ್ಬಾರ್ದು" ಎನ್ನುತ್ತಿದ್ದರು.

ಈ ವರ್ಷ ಚಳಿ ಇಳಿಯುವ ಹೊತ್ತಿಗೆ ಹೋಗಿ ಬಂದವರು, "ಜೋಡಿ ಬಂದಿದೆ. ಜಾಗ ನೋಡ್ತಾ ಉಂಟು. ಈ ಸಲ ಮರಿ ನೋಡಿಯೇ ಬಿಡ್ತೇನೆ" ಎಂದರು. ಮುಂದಿನ ವಾರ ಬೆಳಿಗ್ಗೆ ಚಹಾ ಲೋಟ ಕೈಯಲ್ಲಿ ಹಿಡಿದೇ ಕುರ್ಚಿಯಲ್ಲಿ ಪಕ್ಕಕ್ಕೆ ವಾಲಿದರು. ಅಮ್ಮ ಅಡುಗೆಮನೆಯಿಂದ, "ಚಹಾಕ್ಕೆ ಸಕ್ಕರೆ ಹಾಕಿಲ್ಲ ಅಂತ ಮೌನವ್ರತವಾ?" ಎಂದು ಕೇಳಿದಳು. ಅಷ್ಟೇ, ಅಷ್ಟರಲ್ಲಿ ಮುಗಿದುಹೋಗಿತ್ತು.

ಉತ್ತರಕ್ರಿಯೆಯ ದಿನ ಬಿಲ್ಡಿಂಗಿನ ಟೆರೇಸಿನಲ್ಲಿ, ನೀರಿನ ಟಾಂಕಿಯ ಪಕ್ಕದ ಕಟ್ಟೆಯ ಮೇಲೆ ಬಾಳೆಲೆ ಹಾಕಿ ಬಡಿಸಿದೆವು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಅವರಿಗೆ ಏನೋ ಬಾಕಿ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಎಲೆ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಪಾರಿವಾಳಗಳು ಬಂದು ಎರಗಿದವು. ಕ್ರಿಯೆಗೆ ಕೂತಿದ್ದ ಚಿಕ್ಕಪ್ಪ ಹೆಗಲಿನ ಟವೆಲ್ ಬೀಸಿ ಬೀಸಿ ಓಡಿಸಿದರು. ಎದುರು ಬಿಲ್ಡಿಂಗಿನ ಡಿಶ್ ಆ್ಯಂಟೆನಾ ಮೇಲೆ ಒಂದು ಕಾಗೆ ಕೂತಿತ್ತು. ಅದು ಇನ್ನೇನು ಹಾರಿ ಬರಬೇಕು, ಅಷ್ಟರಲ್ಲಿ ಚಿಕ್ಕಪ್ಪ ಮತ್ತೆ ಟವೆಲ್ ಬೀಸಿದರು. ಅದು ವಾಪಸ್ಸು ಕೂತಿತು. ಆ ಮೇಲೆ ಕರೆದರೂ ಬರಲಿಲ್ಲ.

"ಅಣ್ಣನಿಗೆ ಎಂತದೋ ಬಾಕಿ ಉಂಟು ಅತ್ತಿಗೆ. ಮಾತು ಕೊಡಿ" ಎಂದರು ಚಿಕ್ಕಪ್ಪ.

ಅಮ್ಮ ಕೈ ಮುಗಿದು ನಿಂತು ಒಂದೊಂದೇ ಮಾತು ಕೊಟ್ಟಳು. ಮನೆ ನೋಡಿಕೊಳ್ಳುತ್ತೇನೆ, ಔಷಧಿ ಸರಿಯಾಗಿ ತಗೊಳ್ಳುತ್ತೇನೆ, ನೆಂಟರ ಜೊತೆ ಜಗಳ ಆಡುವುದಿಲ್ಲ. ಕಾಗೆ ಕದಲಲಿಲ್ಲ. ಚಿಕ್ಕಪ್ಪ ನನ್ನ ಕಡೆ ನೋಡಿ, "ಮಗಳ ಮದುವೆ ಮಾಡ್ತೇವೆ ಅಂತ ಹೇಳಿ" ಎಂದರು. ನಲವತ್ತು ದಾಟಿದ ನನ್ನ ಮದುವೆ! ನನಗೆ ಕೋಪ ನೆತ್ತಿಗೇರಿತು. ಅಮ್ಮ ಅದನ್ನೂ ಹೇಳಿದಳು. ಕಾಗೆ ಎದ್ದು ಹಾರಿಯೇ ಹೋಯಿತು. ಅಪ್ಪನೇ ಆಗಿದ್ದರೂ ಹಾಗೆಯೇ ಎದ್ದು ಹೋಗುತ್ತಿದ್ದರು ಎಂದುಕೊಂಡೆ. ಬಿಸಿಲು ನೆತ್ತಿಗೆ ಬಂದ ಮೇಲೆ ಭಟ್ಟರು, "ಸಮುದ್ರಕ್ಕೆ ಬಿಟ್ಟರೂ ಸಲ್ಲುತ್ತದೆ" ಎಂದರು. ಬಿಟ್ಟು ಬಂದೆವು.

ಅಮ್ಮನಿಗೆ ಮಾತ್ರ ಸಲ್ಲಲಿಲ್ಲ. ಅವಳು ಅಪ್ಪ ಹೋದ ದಿನವೂ ಅತ್ತಿರಲಿಲ್ಲ, ಆ ಮೇಲೂ ಅಳಲಿಲ್ಲ. ತಟ್ಟೆಗೆ ಅನ್ನ ಹಾಕಿಕೊಂಡು ಕಲಸುತ್ತಾ ಕೂರುವಳು, ಆಮೇಲೆ ತಟ್ಟೆ ಸರಿಸಿ ಏಳುವಳು. "ಗ್ರಾಂಟ್ ರೋಡಿನವರಿಗೆಲ್ಲ ಬಡಿಸಿದ ಮನುಷ್ಯ. ಈಗ ಹಸಿದುಕೊಂಡು ಎಲ್ಲಿ ತಿರುಗ್ತಿದ್ದಾರೋ" ಎನ್ನುವಳು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಬಳೆ ಮೊಣಕೈವರೆಗೆ ಜಾರುವಷ್ಟು ಕೈ ಸಣ್ಣಗಾಯಿತು. ಗದರಿದೆ, ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ, ಒಂದು ದಿನ ತಟ್ಟೆಯನ್ನು ಟಪ್ಪೆಂದು ಮುಂದಿಟ್ಟು ನಾನೇ ಅತ್ತುಬಿಟ್ಟೆ. ಅಪ್ಪನನ್ನು ಕಳೆದುಕೊಂಡು ಅಮ್ಮನನ್ನೂ ಕಳೆದುಕೊಳ್ಳುತ್ತೇನೆ ಎಂದು ಭಯವಾಗಿತ್ತು.

"ಅವರಿಗೆ ಬಾಕಿ ಇದ್ದದ್ದು ಎಂತದು? ನಿನಗೆ ಗೊತ್ತುಂಟಾ?" ಎಂದು ಅವಳು ಕೇಳಿದಾಗ ನಾನು ಯೋಚಿಸದೆ, "ಆ ಟಿಟ್ಟಿಭದ ಮರಿ ನೋಡ್ಬೇಕಿತ್ತು ಅವರಿಗೆ" ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. "ಹಾಗಾದ್ರೆ ಅವರು ಅಲ್ಲೇ ಇದ್ದಾರೆ. ಇಲ್ಲಿ ಟೆರೇಸಿಗೆ ಕರೆದ್ರೆ ಹೇಗೆ ಬರ್ತಾರೆ? ಅಲ್ಲಿಗೇ ಹೋಗುವ."

ಭಾನುವಾರ ಅಮ್ಮ ಕತ್ತಲಿರುವಾಗಲೇ ಎದ್ದು ಕುಚ್ಚಲಕ್ಕಿ ಅನ್ನ, ಬಸಳೆ ಸಾಂಬಾರು ಮಾಡಿದಳು. ಗೋಳಿಬಜೆ ಕರಿದಳು. ಗೋಳಿಬಜೆ ಅಪ್ಪನ ಪ್ರಾಣ, ಡಾಕ್ಟರು ನಿಲ್ಲಿಸಿದ್ದರು. "ಇನ್ನು ಎಂತ ಶುಗರ್" ಎಂದಳು. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರೋ ಕಿತ್ತುಕೊಳ್ಳುತ್ತಾರೇನೋ ಎನ್ನುವಂತೆ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು. ಭಾಂಡುಪಿನಲ್ಲಿ ಇಳಿದು ರಿಕ್ಷಾ ಹಿಡಿದೆವು. ಅಪ್ಪ ಬದುಕಿದ್ದಾಗ ಎಷ್ಟು ಕರೆದರೂ ಬಾರದವಳು ಮೊದಲ ಬಾರಿಗೆ ಆ ಏರಿಯ ಮೇಲೆ ಕಾಲಿಟ್ಟಳು.

ದೂರದಲ್ಲಿ ಖಾಡಿಯ ಕೆಸರಿನ ಉದ್ದಕ್ಕೂ ಫ್ಲೆಮಿಂಗೊಗಳಿದ್ದವು. ಬಿಸಿಲಿಗೆ ಬಣ್ಣ ಏರಿತ್ತು. ಅಮ್ಮ ನಿಂತುಬಿಟ್ಟಳು. "ಇಷ್ಟೊಂದಾ? ಇಷ್ಟೊಂದು ಅಂತ ಹೇಳಿರ್ಲಿಲ್ವಲ್ಲ ನಿಮ್ಮಪ್ಪ" ಎಂದಳು. ಹೇಳಿದ್ದರು, ಅವಳೇ ಕೇಳಿರಲಿಲ್ಲ. ಆಕಾಶದಲ್ಲಿ ಒಂದು ಗರುಡ ಸುತ್ತುತ್ತಿತ್ತು. ಅಭ್ಯಾಸಬಲದಿಂದ ಕೈ ಮುಗಿದಳು. ಅಪ್ಪ ಕೂರುತ್ತಿದ್ದ ಚಪ್ಪಟೆ ಕಲ್ಲನ್ನು ತೋರಿಸಿದೆ. ಅದನ್ನು ಸೆರಗಿನಿಂದ ಒರೆಸಿ ಅದರ ಮೇಲೆ ಎಲೆ ಹಾಕಿ ಬಡಿಸಿದಳು.

"ಬನ್ನಿ ಮಾರಾಯ್ರೆ. ಕಾ... ಕಾ... ತಣ್ಣಗಾಗ್ತದೆ, ಬನ್ನಿ."

ಕಾಗೆಯನ್ನು ಬಹುವಚನದಲ್ಲಿ ಕರೆದವರನ್ನು ನಾನು ಅವತ್ತೇ ಕಂಡದ್ದು. ಕಾಂಡ್ಲಾ ಮರದಿಂದ ಒಂದು ಕಾಗೆ ಇಳಿಯಿತು. ಎಡಗಾಲಿನ ಬೆರಳುಗಳಿಲ್ಲ, ಗಾಳಿಪಟದ ಮಾಂಜಾ ದಾರ ಸುತ್ತಿ ಹಾಗೆ ಆಗುವುದುಂಟು, ಮುಂಬಯಿಯಲ್ಲಿ ಅಂಥ ಕಾಗೆಗಳು ಬೇಕಾದಷ್ಟಿವೆ. ಆ ಕಾಲನ್ನು ಎಳೆದುಕೊಂಡು ಕುಂಟುತ್ತಾ ಎಲೆಯ ಹತ್ತಿರ ಬಂತು. ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾಗೆ ಅನ್ನ ಬಿಟ್ಟು, ಸಾಂಬಾರು ಬಿಟ್ಟು, ನೇರವಾಗಿ ಗೋಳಿಬಜೆಗೆ ಕೊಕ್ಕು ಹಾಕಿತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅದರ ಎಡಗಾಲನ್ನೇ ನೋಡುತ್ತಾ ನಿಂತೆ. ಅಮ್ಮ, "ಮೆಲ್ಲ ತಿನ್ನಿ, ಯಾರೂ ಬಯ್ಯುವುದಿಲ್ಲ" ಎಂದಳು.

ಆಗಲೇ ಟಿಟ್ಟಿಭಗಳು ತಲೆಯ ಮೇಲೆ ಸುತ್ತುತ್ತಾ ಕಿರುಚತೊಡಗಿದ್ದು. ಏಕೆಂದು ಸುತ್ತ ನೋಡಿದಾಗ, ನಮ್ಮಿಂದ ಹತ್ತು ಮಾರು ದೂರದಲ್ಲಿ ಜಲ್ಲಿಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಕಂಡವು. ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ಅವಳ ಕಣ್ಣಿಗೆ ಬೀಳಲಿಲ್ಲ. ಬಿದ್ದಾಗ, "ಅಯ್ಯೋ, ಹೀಗೆ ನೆಲದಲ್ಲೇ ಬಿಟ್ಟಿದೆಯಲ್ಲ" ಎಂದಳು. ಅವತ್ತು ಮನೆಗೆ ಬಂದು ಅವಳು ಅನ್ನವನ್ನು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಮುಂದಿನ ಭಾನುವಾರವೂ ಹೋದೆವು, ಅದರ ಮುಂದಿನದಕ್ಕೂ. ಕಾಗೆ ಗೇಟಿನ ಹತ್ತಿರವೇ ಬಂದು ನಮ್ಮನ್ನು ಎದುರುಗೊಳ್ಳತೊಡಗಿತು. ಅಮ್ಮ ಅದರ ಜೊತೆ ಮನೆಯ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಲಿಫ್ಟ್ ಮತ್ತೆ ಕೆಟ್ಟಿದೆ, ನಿಮ್ಮ ತಮ್ಮನ ಬಾಯಿ ಇನ್ನೂ ಹಾಗೇ ಉಂಟು, ನಿಮ್ಮ ಮಗಳಿಗೆ ಕೋಪ ಜಾಸ್ತಿಯಾಗಿದೆ. ಗಂಡ ಹೆಂಡತಿ ಮಾತಾಡುವಾಗ ಮಧ್ಯೆ ನಿಲ್ಲಬಾರದೆಂದು ನಾನು ಅಪ್ಪನ ದುರ್ಬೀನು ಹಿಡಿದು ದೂರ ಹೋಗುತ್ತಿದ್ದೆ. ಒಂದು ಕಾಗೆ ಇದ್ದದ್ದು ಐದಾರು ಆಯಿತು. ಅಪ್ಪನ ಮಾತು ನನಗೆ ನೆನಪಿರಲಿಲ್ಲವೇ? ಇತ್ತು. ಆದರೆ ಅಮ್ಮ ಊಟ ಮಾಡುತ್ತಿದ್ದಳು. ಬಳೆ ಮತ್ತೆ ಮಣಿಕಟ್ಟಿನಲ್ಲಿ ನಿಂತಿತ್ತು. ಮೊಟ್ಟೆಗಳೂ ಇದ್ದವು, ತಾಯಿ ಹಕ್ಕಿ ಹೊಟ್ಟೆ ಒದ್ದೆ ಮಾಡಿಕೊಂಡು ಬರುವುದನ್ನು ಅಮ್ಮ ಕಣ್ಣಾರೆ ಕಂಡು ನಿಟ್ಟುಸಿರು ಬಿಟ್ಟಿದ್ದಳು. ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲಿನ ಒಂದು ಭಾನುವಾರ ಕುಂಟ ಕಾಗೆ ಗೋಳಿಬಜೆ ಮುಗಿಸಿ, ಕೊಕ್ಕನ್ನು ಕಲ್ಲಿಗೆ ಒರೆಸಿ, ಹಾರಿಹೋಗದೆ ಜಲ್ಲಿಕಲ್ಲಿನ ಕಡೆಗೆ ಕುಪ್ಪಳಿಸಿತು. ಉಳಿದವು ಆಗಲೇ ಅಲ್ಲಿ ಇಳಿದಿದ್ದವು. ಟಿಟ್ಟಿಭಗಳೆರಡೂ ಕಿರುಚುತ್ತಾ ಎರಗಿದವು. ಅವು ಒಂದನ್ನು ಓಡಿಸಿದರೆ ಇನ್ನೊಂದು ಹಿಂದಿನಿಂದ ಬರುತ್ತಿತ್ತು. ನಾನು ಓಡಿದೆ. ನಾನು ತಲುಪುವ ಮೊದಲೇ ಒಂದು ಮೊಟ್ಟೆಯನ್ನು ಬೇರೆ ಯಾವುದೋ ಕಾಗೆ ಎತ್ತಿಕೊಂಡು ಹಾರಿತು. ಇನ್ನೊಂದಕ್ಕೆ ಕೊಕ್ಕು ಹಾಕಿದ್ದು ಕುಂಟ ಕಾಗೆ.

ಹಿಂದಿನಿಂದ ಅಮ್ಮನ ದನಿ ಕೇಳಿತು. ಬದುಕಿದ್ದಾಗ ಅಪ್ಪನನ್ನು ಗದರುತ್ತಿದ್ದ ಅದೇ ದನಿ.

"ಏಯ್! ಅದು ಬೇಡ! ನಿಮಗೆ ಕಣ್ಣು ಕಾಣುವುದಿಲ್ವಾ? ಅದು ನೀವು ಕಾದದ್ದಲ್ವಾ! ನೀವೇ ಕಾದು ಕೂತದ್ದಲ್ವಾ!"

ಅಮ್ಮನ ಚಪ್ಪಲಿ ನನ್ನ ಕಿವಿಯ ಪಕ್ಕದಿಂದ ಹಾರಿಹೋಗಿ ಕಲ್ಲುಗಳ ಮೇಲೆ ಬಿತ್ತು. ಕಾಗೆ ಬೆದರಿ, ಮೊಟ್ಟೆಯನ್ನು ಬಿಡದೆ ಕಾಂಡ್ಲಾ ಮರಕ್ಕೆ ಹಾರಿತು. ಅಲ್ಲಿ ಕೂತು ಅದನ್ನು ಕುಕ್ಕಿ ಕುಡಿಯಿತು. ನಮಗೆ ಪೂರ್ತಿ ಕಾಣುತ್ತಿತ್ತು. ಅಮ್ಮ ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲದೆ ಬಿಸಿ ಮಣ್ಣಿನ ಮೇಲೆ ನಿಂತಿದ್ದಳು.

"ಗಂಡನಿಗೆ ಚಪ್ಪಲಿ ಎಸೆದೆ" ಎಂದಳು. ಹಾಗೆಯೇ ಕುಸಿದು ಕೂತಳು. ಅಲ್ಲಿ, ಆ ಏರಿಯ ಮೇಲೆ, ಕ್ಯಾಮೆರಾ ಹಿಡಿದ ಜನ ತಿರುಗಿ ನೋಡುತ್ತಿರುವಾಗ, ಅಪ್ಪ ಹೋದ ಮೇಲೆ ಮೊದಲ ಬಾರಿ ಅವಳು ಅತ್ತಳು. ಬಾಯಿ ಬಿಟ್ಟು, ಎದೆ ಬಡಿದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದೆ. ಅದು ಬರೀ ಕಾಗೆ ಅಮ್ಮ, ಹೊಟ್ಟೆಪಾಡಿಗೆ ಮಾಡುತ್ತದೆ, ಅಪ್ಪ ಅಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಇಷ್ಟು ವಾರ ಅವಳು ಬಡಿಸಿದ್ದು ಯಾರಿಗೆ? ಚಪ್ಪಲಿ ಹುಡುಕಿ ತಂದು ಅವಳ ಕಾಲಿಗೆ ಹಾಕಿದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪನ ಆ ಕಟ್ಟುನಿಟ್ಟನ್ನು ಅವಳಿಗೆ ಹೇಳಿದೆ. ಅಲ್ಲಿ ನಾವು ಗಿರಾಕಿ, ಬಡಿಸಬಾರದು ಎನ್ನುತ್ತಿದ್ದರು ಎಂದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯ ಹೊರಗೆ ನೋಡುತ್ತಾ, "ಎಷ್ಟು ಮೊಟ್ಟೆ ಉಳಿದಿದೆ?" ಎಂದಷ್ಟೇ ಕೇಳಿದಳು. ಎರಡು ಎಂದೆ.

ಮರುದಿನ ನಾನು ಆಫೀಸಿಗೆ ಹೊರಡುವಾಗ ಅವಳೂ ಸೀರೆ ಉಟ್ಟು ನಿಂತಿದ್ದಳು, ಕೈಯಲ್ಲಿ ಅಪ್ಪನ ಕೊಡೆ. ಕಾಗೆಗೆಂದು ಒಯ್ಯುತ್ತಿದ್ದ ಡಬ್ಬಿ ಇರಲಿಲ್ಲ. ಈ ಬಿಸಿಲಿನಲ್ಲಿ ಒಬ್ಬಳೇ ಹೋಗಬೇಡ ಎಂದು ಜಗಳ ಮಾಡಿದೆ. "ಅವರು ಕೂತದ್ದು ಇದೇ ಬಿಸಿಲಲ್ಲಿ ಅಲ್ವಾ?" ಎಂದಳು. ಆಮೇಲೆ ದಿನಾ ಹೋದಳು. ನಾನು ರಜೆ ಸಿಕ್ಕಾಗಲೆಲ್ಲ ಜೊತೆಗೆ ಹೋದೆ. ಅವಳು ಆ ಚಪ್ಪಟೆ ಕಲ್ಲಿನ ಮೇಲೆ ಕೊಡೆ ಬಿಡಿಸಿ, ಮಡಿಲಲ್ಲಿ ಸಣ್ಣ ಕಲ್ಲುಗಳನ್ನು ಹಾಕಿಕೊಂಡು ಕೂರುತ್ತಿದ್ದಳು. ನಾಯಿಗೆ ಕಲ್ಲು, ಕಾಗೆಗೆ ಕಲ್ಲು. ಟಿಟ್ಟಿಭಗಳು ಒಂದೆರಡು ದಿನ ಅವಳ ಮೇಲೆ ಕಿರುಚಿ, ಆಮೇಲೆ ಇವಳೂ ಇಲ್ಲಿಯ ಸ್ಟಾಫು ಎಂದುಕೊಂಡವೋ ಏನೋ, ಸುಮ್ಮನಾದವು. ಗೇಟಿನ ವಾಚ್‌ಮನ್ ನನ್ನನ್ನು ಕಂಡು, "ಆಪ್ ಕೀ ಮಮ್ಮಿ ರೋಜ್ ಆತೀ ಹೈ. ಖಾನಾ ಭೀ ಬಾಹರ್ ಆಕೆ ಖಾತೀ ಹೈ" ಎಂದ. ದಿನಾ ಬಂದು, ಊಟಕ್ಕೆ ಮಾತ್ರ ಗೇಟಿನ ಹೊರಗೆ ಹೋಗುತ್ತಿದ್ದಳಂತೆ, ಅಪ್ಪನ ಹಾಗೆಯೇ.

ಅನ್ನ ಇಲ್ಲದೆ ಉಳಿದ ಕಾಗೆಗಳು ಬೇಗ ಚದುರಿದವು. ಕುಂಟ ಕಾಗೆ ಮಾತ್ರ ಬರುತ್ತಿತ್ತು. ಒಂದು ಭಾನುವಾರ ನಾನೇ ಕಂಡೆ. ಅದು ಅವಳ ಕಾಲಿನ ಹತ್ತಿರದವರೆಗೆ ಕುಂಟಿಕೊಂಡು ಬಂದು, ತಲೆ ವಾರೆ ಮಾಡಿ ಅವಳ ಕೈಯನ್ನೇ ನೋಡಿತು. ಅಷ್ಟು ಹತ್ತಿರ ಇರುವುದಕ್ಕೆ ಕಲ್ಲು ಹೊಡೆಯಲು ಅವಳಿಂದಾಗಲಿಲ್ಲ. ಎರಡೂ ಅಂಗೈ ಬಿಡಿಸಿ ತೋರಿಸಿದಳು.

"ಇಲ್ಲ. ಎಂತದೂ ಇಲ್ಲ. ನಿಮ್ಮದೇ ಕಾನೂನು. ಹೋಗಿ."

ಅದು ಹೋಗಲಿಲ್ಲ. ಒಂದು ಸಲ ಕೂಗಿತು. "ಹೋಗಿ ಅಂದೆನಲ್ಲ. ಮನೆಗೂ ಬರ್ಬೇಡಿ, ನಾನು ಮನೆಯಲ್ಲಿ ಇರುವುದಿಲ್ಲ" ಎಂದಳು. ಕಾಗೆ ಇನ್ನೂ ಸ್ವಲ್ಪ ಹೊತ್ತು ಕಾದು, ಹಾರಿ ಖಾಡಿಯ ಕಡೆಗೆ ಹೋಯಿತು. ಅದು ಚುಕ್ಕೆಯಾಗುವವರೆಗೂ ಅವಳು ನೋಡಿದಳು. "ಹಸಿದುಕೊಂಡು ಹೋದರು" ಎಂದಳು. ಅವತ್ತು ಮನೆಯಲ್ಲಿ ಅವಳು ಊಟ ಮಾಡಿದಳು, ಆದರೆ ಒಂದೊಂದು ತುತ್ತೂ ಔಷಧಿಯ ಹಾಗೆ ನುಂಗಿದಳು. ಊಟ ಬಿಟ್ಟರೆ ನಾಳೆ ಬಿಸಿಲಿನಲ್ಲಿ ಕೂರಲು ಆಗುವುದಿಲ್ಲವಲ್ಲ. ಆ ಮೇಲೆ ಆ ಕಾಗೆ ಮತ್ತೆ ಬರಲಿಲ್ಲ.

ಏಪ್ರಿಲ್ ಮುಗಿಯುವ ಹೊತ್ತಿಗೆ ನಾನು ಎರಡು ದಿನ ರಜೆ ಹಾಕಿದ್ದೆ. ಬಿಸಿಲು ಸುಡುತ್ತಿತ್ತು. ಸಣ್ಣ ಕೆಸರು ಹಕ್ಕಿಗಳೆಲ್ಲ ದೂರದ ತಮ್ಮ ಊರುಗಳಿಗೆ ಹೊರಟುಹೋಗಿ ಹೊಂಡಗಳು ಖಾಲಿಯಾಗಿದ್ದವು. ಖಾಡಿಯಲ್ಲಿ ಫ್ಲೆಮಿಂಗೊಗಳು ಮಾತ್ರ ಇನ್ನೂ ತಲೆ ಎತ್ತದೆ ಕೆಲಸ ಮಾಡುತ್ತಿದ್ದವು. ಅಮ್ಮ ನನ್ನ ಮೊಣಕೈ ಜಗ್ಗಿದಳು. ತಾಯಿ ಟಿಟ್ಟಿಭ ಎದ್ದು ಪಕ್ಕಕ್ಕೆ ನಿಂತಿತ್ತು. ಅದರ ಕಾಲಿನ ಬುಡದಲ್ಲಿ ಒಂದು ಕಲ್ಲು ಅಲುಗಾಡಿತು. ಕಲ್ಲಿಗೆ ಕಾಲು ಬಂತು. ಚುಕ್ಕೆ ಚುಕ್ಕೆಯ ಬೆನ್ನು, ಕುತ್ತಿಗೆಗೆ ಬಿಳಿಯ ಪಟ್ಟಿ, ಉಂಡೆಯಷ್ಟು ಗಾತ್ರ. ಎರಡು ಹೆಜ್ಜೆ ಓಡಿ ಮುಗ್ಗರಿಸಿ ಬಿದ್ದು, ಎದ್ದು, ಮತ್ತೆ ಓಡಿತು. ಅದರ ಹಿಂದೆಯೇ ಇನ್ನೊಂದು.

ಅಪ್ಪ ಇಷ್ಟು ವಸಂತಗಳು ಕಾದದ್ದು ಇದಕ್ಕೆ. ನನಗೆ ಆ ಕ್ಷಣ ಅಪ್ಪ ಬೇಕಿತ್ತು, ಬೇರೇನೂ ಬೇಡವಾಗಿತ್ತು. ಕೊಡೆಯ ಕೆಳಗೆ ಕೂತು, "ನೋಡಿದ್ಯಾ, ಡ್ಯೂಟಿಗೆ ಜಾಯಿನ್ ಆದ್ರು!" ಎಂದು ಅವರು ಹೇಳಬೇಕಿತ್ತು. ಪಕ್ಕಕ್ಕೆ ನೋಡಿದರೆ ಅಮ್ಮ ಮರಿಗಳನ್ನು ನೋಡುತ್ತಿರಲಿಲ್ಲ. ಮುಖ ಮೇಲೆತ್ತಿ ಕಾಂಡ್ಲಾ ಮರಗಳ ತುದಿಯನ್ನೂ, ಅದರಾಚೆಯ ಆಕಾಶವನ್ನೂ ಹುಡುಕುತ್ತಿದ್ದಳು. ಹುಡುಕುತ್ತಾ ಎದ್ದು ನಿಂತಳು. ಮುಖದಲ್ಲಿ ಎಂಥ ಸಂಭ್ರಮ! ಗಂಡನಿಗೆ ತೋರಿಸಬೇಕಾದ್ದು ಸಿಕ್ಕಿತ್ತು.

"ಬನ್ನಿ..." ಎಂದಳು. "ಕಾ..." ಎನ್ನಲು ಬಾಯಿ ತೆರೆದಳು.

ತೆರೆದ ಬಾಯಿ ಹಾಗೆಯೇ ನಿಂತಿತು. ಕೆಳಗೆ ಜಲ್ಲಿಕಲ್ಲಿನ ನಡುವೆ ಆ ಎರಡು ಉಂಡೆಗಳು ಬಿಸಿಲಿನಲ್ಲಿ ಓಡುತ್ತಿದ್ದವು. ಅಮ್ಮ ಅವುಗಳ ಕಡೆ ನೋಡಿದಳು, ಆಕಾಶದ ಕಡೆ ನೋಡಿದಳು, ಮತ್ತೆ ಸೆರಗನ್ನು ಮುದ್ದೆ ಮಾಡಿ ಎರಡೂ ಕೈಗಳಿಂದ ಬಾಯಿಗೆ ಒತ್ತಿಕೊಂಡಳು. ಕರೆಯಲಿಲ್ಲ. ಮರಿಗಳು ತಾಯಿಯ ಹಿಂದೆ ನೀರಿನ ಅಂಚಿನ ಹುಲ್ಲಿನೊಳಗೆ ಮರೆಯಾಗುವವರೆಗೂ ಅವಳು ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಆಮೇಲೆ ಕೊಡೆ ಮಡಚಿ ನನ್ನ ಕೈಗೆ ಕೊಟ್ಟು, "ನಡಿ, ಬಸ್ಸು ತಪ್ಪುತ್ತದೆ" ಎಂದಳು.